ಒಂಬತ್ತನೇ ತರಗತಿಗೆ ಬರೆದ ಚೀಟಿಗಳು

ನನ್ನ ಧ್ವನಿ ದೊಡ್ಡದಾಗಿತ್ತು. ಗಣಿತ ಕಲಿಸುವವಳಿಗೆ ಅದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲವೆಂದು ಹನ್ನೊಂದು ವರ್ಷ ನಂಬಿಕೊಂಡಿದ್ದೆ. ಕುಷ್ಟಗಿಯಿಂದ ಯಲಬುರ್ಗಾ ಕಡೆ ಹೋಗುವ ರಸ್ತೆಗೆ ಅಂಟಿಕೊಂಡ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆ ನಮ್ಮದು. ಕಲ್ಲಿನ ದಿಮ್ಮಿ ಹೇರಿಕೊಂಡ ಲಾರಿಗಳು ಹಾದುಹೋಗುವಾಗ ಕಿಟಕಿಗಳು ಗಡಗಡ ಅನ್ನುತ್ತವೆ. ಒಂಬತ್ತನೇ ತರಗತಿಯಲ್ಲಿ ನಲವತ್ತೆಂಟು ಮಕ್ಕಳು, ಒಂದೇ ಕೋಣೆ. ಲಾರಿಯ ಸದ್ದು, ಫ್ಯಾನಿನ ಸದ್ದು, ಹಿಂದಿನ ಬೆಂಚಿನವರ ಗುಸುಗುಸು, ಇವೆಲ್ಲವನ್ನೂ ದಾಟಿ ನನ್ನ ಮಾತು ಗೋಡೆ ಮುಟ್ಟಬೇಕು. ಮುಟ್ಟುತ್ತಿತ್ತು ಕೂಡ. ಪಕ್ಕದ ಕೋಣೆಯ ಹಿಂದಿ ಮಾಸ್ತರರು ಊಟದ ಹೊತ್ತಿನಲ್ಲಿ ನಗುತ್ತಿದ್ದರು.

“ಮೇಡಂ, ನಿಮ್ಮ ಸೂತ್ರ ನನ್ನ ಹಿಂದಿ ಕ್ಲಾಸಿನ ಹುಡುಗರಿಗೂ ಬಾಯಿಪಾಠ ಆಗ್ಯಾವ ನೋಡ್ರಿ.”

ಅದು ನನಗೆ ಹೊಗಳಿಕೆಯಂತೆಯೇ ಕೇಳುತ್ತಿತ್ತು.

ದೀಪಾವಳಿ ಕಳೆದ ಮೇಲೆ ಗಂಟಲು ಒಡೆಯಿತು. ಮೊದಮೊದಲು ಮಧ್ಯಾಹ್ನದ ಹೊತ್ತಿಗೆ ಧ್ವನಿ ಒರಟಾಗುತ್ತಿತ್ತು. ಆಮೇಲಾಮೇಲೆ ಎರಡನೆಯ ಪಿರಿಯಡ್ಡಿಗೇ ಹಾಗಾಗತೊಡಗಿತು. ವಾಕ್ಯದ ನಡುವೆ ಮಾತು ಸಿಕ್ಕಿಕೊಂಡು, ಬಾಯಿ ಆಡುತ್ತಿದ್ದರೂ ಬರೀ ಗಾಳಿ ಬರುತ್ತಿತ್ತು. ಅತ್ತೆ ಮೆಣಸಿನ ಕಷಾಯ ಕುಡಿಸಿದರು, ಜ್ಯೇಷ್ಠಮಧುವಿನ ಕಡ್ಡಿ ಕೊಟ್ಟು ಬಾಯಲ್ಲಿ ಇಟ್ಟುಕೋ ಅಂದರು, ಅರಿಶಿಣದ ಹಾಲು ಕೊಟ್ಟರು. “ಥಂಡಿಗಾಳಿ ಬೇ, ಬಸ್ಸಿನಾಗ ಕಿಡಕಿ ಕಡೆ ಕುಂದರಬ್ಯಾಡ,” ಎಂದು ದಿನವೂ ಹೇಳುತ್ತಿದ್ದರು. ಡಿಸೆಂಬರ್ ಮುಗಿಯುವ ಹೊತ್ತಿಗೆ ಕಷಾಯಕ್ಕೂ ಗಂಟಲಿಗೂ ಸಂಬಂಧವೇ ಇಲ್ಲವೆಂಬುದು ನನಗೂ ಅತ್ತೆಗೂ ಗೊತ್ತಾಗಿತ್ತು.

ಆದರೂ ಡಾಕ್ಟರ ಹತ್ತಿರ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂಬುದನ್ನು ಯಾರಿಗೂ ಹೇಳಲೂ ಇಲ್ಲ. ನಮ್ಮಪ್ಪ ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಹಮಾಲರಾಗಿದ್ದರು. ಚೀಲ ಹೊರುವಾಗ ಉಳಿದವರಿಗೆ ಕೂಗು ಹಾಕುತ್ತಿದ್ದವರೇ ಅವರು. ಅವರಿಗೂ ಮೊದಲು ಆದದ್ದು ಇದೇ. ಧ್ವನಿ ಒರಟಾಯಿತು, ಆಮೇಲೆ ಹೋಯಿತು, ಆಮೇಲೆ ನುಂಗಲು ಆಗದಂತಾಯಿತು. ಎರಡು ವರ್ಷದಲ್ಲಿ ಅವರೇ ಹೋದರು. ನಾನಾಗ ಕಾಲೇಜಿನಲ್ಲಿದ್ದೆ. ಅಪ್ಪ ತಂಬಾಕು ತಿನ್ನುತ್ತಿದ್ದರು, ನಾನು ತಿನ್ನುವುದಿಲ್ಲ ಎಂದು ದಿನಕ್ಕೆ ಹತ್ತು ಸಲ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹೇಳಿಕೊಂಡಷ್ಟೂ ಭಯ ಹೆಚ್ಚುತ್ತಿತ್ತು. ಹೋಗಿ ತೋರಿಸಿದರೆ ತಾನೇ ಗೊತ್ತಾಗುವುದು, ತೋರಿಸದಿದ್ದರೆ ಇನ್ನೂ ಏನೂ ಆಗಿಲ್ಲ ಎಂಬಂತೆ ಎರಡು ತಿಂಗಳು ದೂಡಿದೆ.

ಕೊನೆಗೆ ಒಂದು ಶನಿವಾರ ಮಧ್ಯಾಹ್ನ ನಮ್ಮನೆಯವರೇ ಕೈ ಹಿಡಿದು ಕೊಪ್ಪಳಕ್ಕೆ ಕರೆದುಕೊಂಡು ಹೋದರು. ಕಿವಿ, ಮೂಗು, ಗಂಟಲಿನ ಡಾಕ್ಟರು ಮೂಗಿನೊಳಗಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. “ಆ ಅನ್ರಿ,” ಅಂದರು. “ಈ ಅನ್ರಿ,” ಅಂದರು. ನನ್ನಿಂದ ಎರಡೂ ಸರಿಯಾಗಿ ಬರಲಿಲ್ಲ. ಅವರು ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ನಾನು ಕಣ್ಣು ಮುಚ್ಚಿಕೊಂಡೆ.

“ಕಣ್ಣು ತೆಗೀರಿ, ಅಂಜೂವಂಥಾದ್ದು ಏನಿಲ್ಲ,” ಎಂದರು ಡಾಕ್ಟರು. “ಇಲ್ಲಿ ಎರಡು ಗಂಟು ಕಾಣ್ತಾವಲ್ಲ? ಗುದ್ದಲಿ ಹಿಡದು ಹಿಡದು ಕೈ ಜಡ್ಡಗಟ್ತಾವ ನೋಡ್ರಿ, ಹಂಗ ಇವು. ನಿಮ್ಮ ಗಂಟಲು ಭಾಳ ಕೂಲಿ ಮಾಡೇತಿ. ಟೀಚರ್ ಏನ್ರಿ?”

ತಲೆ ಆಡಿಸಿದೆ.

“ಹಂಗಾರ ಸರಿ, ನಮ್ಮಲ್ಲಿಗೆ ಹೆಚ್ಚಾಗಿ ಬರೂವವರ ಟೀಚರ್‌ಗಳು. ಕ್ಯಾನ್ಸರ್ ಅಲ್ಲ, ಏನಲ್ಲ. ಮೂರು ವಾರ ಪೂರಾ ಮಾತು ಬಂದ್. ಪಿಸುಮಾತೂ ಬ್ಯಾಡ. ಪಿಸುಮಾತಿನಾಗ ಗಂಟಲಿಗೆ ಇನ್ನೂ ತ್ರಾಸ. ಆಮ್ಯಾಲೆ ಕರಗ್ಯಾವೋ ಇಲ್ಲೋ ನೋಡೂನು.”

ಹೊರಗೆ ಬಂದು ಬಸ್‌ಸ್ಟ್ಯಾಂಡಿನ ಕಲ್ಲಿನ ಬೆಂಚಿನ ಮೇಲೆ ಕುಳಿತೆ. ನಮ್ಮನೆಯವರು ಚಹಾ ತರಲು ಹೋದರು. ಅಲ್ಲಿಯ ತನಕ ತಡೆದಿದ್ದು ಆಗ ಒಮ್ಮೆಲೆ ಬಂತು. ಜೋರಾಗಿ ಅಳಲಿಕ್ಕೂ ಇಲ್ಲ, ಡಾಕ್ಟರು ಬೇಡ ಎಂದಿದ್ದಾರೆ. ಸೆರಗು ಬಾಯಿಗೆ ಒತ್ತಿಕೊಂಡು ಸದ್ದಿಲ್ಲದೆ ಅಳುತ್ತ ನಡುನಡುವೆ ನಕ್ಕೆ. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಹೆಂಗಸು ಏನೂ ಕೇಳದೆ ಎರಡು ಪೇರಲ ಹಣ್ಣು ನನ್ನ ಮಡಿಲಿಗೆ ಹಾಕಿದಳು. ಯಾರೋ ಸತ್ತಿದ್ದಾರೆ ಎಂದುಕೊಂಡಿರಬೇಕು.

ಸೋಮವಾರ ಹೆಡ್‌ಮಾಸ್ತರರ ಮುಂದೆ ಡಾಕ್ಟರ ಚೀಟಿ ಇಟ್ಟೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಓದಿದರು. ಒಳ್ಳೆಯ ಮನುಷ್ಯ, ಆದರೆ ಯಾವ ಸುದ್ದಿ ತಂದರೂ ಮೊದಲು ಟೈಮ್‌ಟೇಬಲ್ ಕಡೆ ನೋಡುವವರು.

“ರಜಾ ಹಾಕ್ರಿ, ಬ್ಯಾಡ ಅನ್ನೂದಿಲ್ಲ. ಹತ್ತನೇತ್ತಿ ಸೈನ್ಸ್ ಸರ್ ನೋಡ್ಕೋತಾರ. ಒಂಬತ್ತನೇತ್ತಿಗೆ ಯಾರನ್ನ ಹಾಕ್ಲಿ ಹೇಳ್ರಿ? ಗಣಿತಕ್ಕ ನೀವೊಬ್ಬರ ಅದೀರಿ.”

ಕುಷ್ಟಗಿಯ ಅಂಗಡಿಯಲ್ಲಿ ಮಕ್ಕಳ ಪಾಟಿ ಮತ್ತು ಬಳಪ ಕೊಂಡಿದ್ದೆ. ಅದರ ಮೇಲೆ ಬರೆದು ತೋರಿಸಿದೆ: ‘ಒಂಬತ್ತಕ್ಕೆ ನಾನೇ ಹೋಗುತ್ತೇನೆ. ಮಾತಾಡುವುದಿಲ್ಲ.’

ಅವರು ಪಾಟಿ ನೋಡಿದರು, ನನ್ನನ್ನು ನೋಡಿದರು. “ಮಾತಿಲ್ದ ಗಣಿತಾ ಹ್ಯಾಂಗ್ರಿ?” ಎಂದರು.

ನನಗೂ ಗೊತ್ತಿರಲಿಲ್ಲ. ಕ್ಯಾನ್ಸರ್ ಅಲ್ಲ ಎಂದು ತಿಳಿದ ಎರಡನೆಯ ದಿನ ಅದು. ಮನಸ್ಸು ಎಷ್ಟು ಹಗುರಾಗಿತ್ತೆಂದರೆ ಏನು ಹೇಳಿದ್ದರೂ ಒಪ್ಪಿಕೊಳ್ಳುತ್ತಿದ್ದೆ.

ಮೊದಲ ದಿನ ಬೋರ್ಡಿನ ಮೇಲೆ ಬರೆದೆ: ‘ನನ್ನ ಗಂಟಲು ಕೆಟ್ಟಿದೆ. ಮೂರು ವಾರ ಮಾತಾಡುವಂತಿಲ್ಲ. ಕಿವಿ ಚೆನ್ನಾಗಿದೆ.’ ಮಕ್ಕಳು ಅದನ್ನು ಒಟ್ಟಿಗೆ ಓದಿದರು. ಆಮೇಲೆ ಒಂದು ವಿಚಿತ್ರ ನಡೆಯಿತು. ಅವರೂ ಪಿಸುಗುಡತೊಡಗಿದರು. ಹಾಜರಿಗೆ ನಾನು ಬೆರಳು ತೋರಿಸಿದರೆ “ಎಸ್ ಟೀಚರ್” ಎನ್ನುವುದನ್ನೂ ಗುಟ್ಟು ಹೇಳುವ ಹಾಗೆ ಹೇಳಿದರು. ಒಬ್ಬಳು ತನ್ನ ಪ್ರಶ್ನೆಯನ್ನು ನೋಟ್‌ಬುಕ್ಕಿನಲ್ಲಿ ಬರೆದು ತಂದು ತೋರಿಸಿದಳು. ನನಗೆ ಕಿವಿ ಇದೆ ಎಂದು ಕಿವಿ ಮುಟ್ಟಿ ತೋರಿಸಬೇಕಾಯಿತು. ತರಗತಿ ನಕ್ಕಿತು.

ಆ ನಗು ಎರಡನೆಯ ದಿನಕ್ಕೆ ಗದ್ದಲವಾಯಿತು. ಬಹುಪದೋಕ್ತಿಗಳನ್ನು ಅಪವರ್ತಿಸುವ ಪಾಠ ನಡೆದಿತ್ತು. ನಾನು ಬೋರ್ಡಿಗೆ ಮುಖ ಮಾಡಿ ಬರೆಯುತ್ತಿದ್ದಂತೆ ಬೆನ್ನ ಹಿಂದೆ ಸಂತೆ ಸೇರಿತು. ಡಸ್ಟರಿನಿಂದ ಮೇಜು ಕುಟ್ಟಿದೆ. ಸುಮ್ಮನಾಗಿ, ಮತ್ತೆ ಶುರು ಮಾಡಿದರು. ಹಿಂದಿ ಮಾಸ್ತರರು ಬಾಗಿಲಲ್ಲಿ ಬಂದು “ಏಯ್, ಮೇಡಂಗೆ ಆರಾಮಿಲ್ಲ, ನಾಚಿಕಿ ಇಲ್ಲೇನ್ ನಿಮಗ?” ಎಂದು ಗದರಿ ಹೋದರು. ನನ್ನ ಕ್ಲಾಸನ್ನು ಬೇರೆಯವರು ಸುಮ್ಮನಿರಿಸಿದ್ದು ಹನ್ನೊಂದು ವರ್ಷದಲ್ಲಿ ಅದೇ ಮೊದಲು. ಮುಖ ಬಿಸಿಯಾಯಿತು.

ಬರೆಯುವುದನ್ನು ಬಿಟ್ಟು ಬೆಂಚುಗಳ ನಡುವೆ ನಡೆದೆ. ಹಾಗೆ ನಡೆಯುವ ರೂಢಿ ನನಗಿರಲಿಲ್ಲ. ಬೋರ್ಡಿನ ಮುಂದಿನ ನಾಲ್ಕು ಹೆಜ್ಜೆಯಷ್ಟೇ ನನ್ನ ಜಾಗ, ಉಳಿದ ಕಡೆಗೆಲ್ಲ ಧ್ವನಿ ಕಳಿಸುತ್ತಿದ್ದೆ. ಮುಂದಿನ ಎರಡು ಬೆಂಚಿನವರು ಲೆಕ್ಕ ಮುಗಿಸಿ ಕುಳಿತಿದ್ದರು. ಅವರ ಹಿಂದಿನವರು ಪೆನ್ನು ಹಿಡಿದು ಕಾಯುತ್ತಿದ್ದರು. ನಾನು ಉತ್ತರ ಬರೆದ ಕೂಡಲೇ ಇಳಿಸಿಕೊಳ್ಳಲು. ಅವರ ಹಿಂದಿನವರು ಕಾಯುತ್ತಲೂ ಇರಲಿಲ್ಲ. ಹಿಂದಿನ ಮೂಲೆಯ ಹುಡುಗನೊಬ್ಬ ಬೋರ್ಡಿನ ಮೇಲಿದ್ದ ಅಕ್ಷರಗಳನ್ನು ಚಿತ್ರ ಬಿಡಿಸುವ ಹಾಗೆ ಬಿಡಿಸುತ್ತಿದ್ದ. ಇವರೆಲ್ಲರೂ ನನ್ನ ಜೋರು ಮಾತಿನ ಕಾಲದಲ್ಲೂ ಹೀಗೇ ಕುಳಿತಿದ್ದರಲ್ಲವೇ? ನಾನು “ಗೊತ್ತಾತೇನ್ರೋ?” ಎಂದು ಕೇಳಿದಾಗ “ಆತ್ರಿ ಟೀಚರ್” ಎಂದು ಎಲ್ಲರೂ ಕೂಗುತ್ತಿದ್ದರು. ಆ ಕೂಗನ್ನೇ ನಾನು ಉತ್ತರವೆಂದು ತಿಳಿದಿದ್ದೆ.

ಮಧ್ಯಾಹ್ನ ಬಿಡುವಿನ ಪಿರಿಯಡ್ಡಿನಲ್ಲಿ, ಒಂದೇ ಬದಿ ಅಚ್ಚಾದ ಹಳೆಯ ಪ್ರಶ್ನೆಪತ್ರಿಕೆಗಳನ್ನು ಕತ್ತರಿಸಿ ನಲವತ್ತೆಂಟು ಚೀಟಿ ಮಾಡಿದೆ. ಪ್ರತಿ ಚೀಟಿಯಲ್ಲೂ ಆರೇ ಲೆಕ್ಕ. ಮೊದಲನೆಯದು ಎರಡಂಕಿ ಕೂಡಿಸುವುದು, ಎರಡನೆಯದು ಕಳೆಯುವುದು, ಆಮೇಲೊಂದು ಭಾಗಾಕಾರ, ಆಮೇಲೆ ನಾಲ್ಕು ಸಾಲಿನ ವಾಕ್ಯದ ಲೆಕ್ಕ, ಕಡೆಗೆ ಬೀಜಗಣಿತದ ಎರಡು. ಕೊನೆಯ ಪಿರಿಯಡ್ಡಿನಲ್ಲಿ ಬೋರ್ಡಿನ ಮೇಲೆ ಬರೆದೆ: ‘ಎಲ್ಲಿಯ ತನಕ ಬರುತ್ತದೋ ಅಷ್ಟನ್ನೇ ಮಾಡಿ. ಬರದಿದ್ದನ್ನು ಬಿಡಿ. ಇದಕ್ಕೆ ಅಂಕ ಇಲ್ಲ.’ ಒಬ್ಬರದನ್ನು ಒಬ್ಬರು ನೋಡದ ಹಾಗೆ ವರಾಂಡದಲ್ಲಿ, ಬೇವಿನ ಮರದ ಕೆಳಗೆ, ಮೈದಾನದ ಬದಿಯಲ್ಲಿ ದೂರ ದೂರ ಕೂರಿಸಿದೆ.

ಸಂಜೆ ಬಸ್ಸಿನಲ್ಲೇ ಚೀಟಿಗಳನ್ನು ನೋಡಲು ಶುರು ಮಾಡಿದೆ. ಕುಷ್ಟಗಿ ಬಂದದ್ದು ತಿಳಿಯಲಿಲ್ಲ. ಕಂಡಕ್ಟರು ಬಂದು ಇಳಿಯಲು ಹೇಳಿದರು.

ಹದಿನೇಳು ಮಕ್ಕಳು ಭಾಗಾಕಾರದಲ್ಲೇ ನಿಂತಿದ್ದರು. ಅಲ್ಲಿಯವರೆಗೆ ನಾನು ‘ದಡ್ಡ’ ಎಂದುಕೊಂಡಿದ್ದ ಒಬ್ಬ ಹುಡುಗ ಬೀಜಗಣಿತದ ಎರಡನ್ನೂ ಸರಿಯಾಗಿ ಮಾಡಿದ್ದ. ಬಿಟ್ಟಿದ್ದು ವಾಕ್ಯದ ಲೆಕ್ಕ ಒಂದನ್ನೇ. ಅವನು ಶ್ರೀರಾಮನಗರದ ಕಡೆಯಿಂದ ಎರಡು ವರ್ಷದ ಹಿಂದೆ ಬಂದವನು, ಮನೆಯಲ್ಲಿ ತೆಲುಗು. ಲೆಕ್ಕ ಅವನಿಗೆ ಬರುತ್ತಿತ್ತು. ನಾಲ್ಕು ಸಾಲಿನ ಕನ್ನಡ ಓದಿ ಮುಗಿಸುವ ಹೊತ್ತಿಗೆ ನಾನು ಬೋರ್ಡು ಅಳಿಸಿರುತ್ತಿದ್ದೆ, ಅಷ್ಟೇ. ಇನ್ನೊಬ್ಬ ಹುಡುಗಿ ಆರನ್ನೂ ಮುಗಿಸಿ ಚೀಟಿಯ ಹಿಂದೆ ಬರೆದಿದ್ದಳು: ‘ಮುಂದಿನದು ಕೊಡ್ರಿ.’

ನನ್ನನ್ನು ತಡೆದು ನಿಲ್ಲಿಸಿದ್ದು ಮಾತ್ರ ಬೇರೆಯೇ ಚೀಟಿ. ಮೂರನೆಯ ಬೆಂಚಿನ ಕೊನೆಯಲ್ಲಿ ಕೂರುವ ಒಬ್ಬ ಹುಡುಗಿ. ಅವಳ ನೋಟ್‌ಬುಕ್ಕನ್ನು ನಾನೇ ಎರಡು ಸಲ ಎತ್ತಿ ಹಿಡಿದು ತರಗತಿಗೆಲ್ಲ ತೋರಿಸಿದ್ದೆ. ಮುತ್ತು ಪೋಣಿಸಿದಂಥ ಅಕ್ಷರ, ಅಂಚಿಗೆ ಕೆಂಪು ಗೆರೆ, ಒಂದು ಲೆಕ್ಕವೂ ತಪ್ಪಿಲ್ಲ. ಆ ಹುಡುಗಿಯ ಚೀಟಿಯಲ್ಲಿ ಮೊದಲ ಲೆಕ್ಕ ಒಂದೇ ಸರಿ. ಎರಡನೆಯದು, ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆಯುವುದು. ಮೂವತ್ತೈದು ಎಂದು ಬರೆದಿದ್ದಳು. ಎರಡರಲ್ಲಿ ಏಳು ಹೋಗುವುದಿಲ್ಲವೆಂದು ಏಳರಲ್ಲೇ ಎರಡು ಕಳೆದಿದ್ದಳು. ಅದರ ಕೆಳಗೆ ಖಾಲಿ. ಆ ಖಾಲಿ ಜಾಗಕ್ಕೂ ಕೆಂಪು ಗೆರೆಯ ಅಂಚು ಎಳೆದಿದ್ದಳು.

ಮರುದಿನಕ್ಕೆ ಮೂರು ಬಗೆಯ ಚೀಟಿ ಬರೆದೆ, ಅವರವರು ನಿಂತ ಜಾಗದಿಂದ ಮುಂದಕ್ಕೆ ಹೋಗುವ ಹಾಗೆ. ಹಂಚುವಾಗ ಗೊಂದಲ ಬೇಡವೆಂದು ಮೂಲೆಯಲ್ಲಿ ಒಂದು, ಎರಡು, ಮೂರು ಎಂದು ನಂಬರ್ ಹಾಕಿದೆ. ಅದೇ ತಪ್ಪಾಯಿತು. ಐದು ನಿಮಿಷದಲ್ಲಿ ಮಕ್ಕಳಿಗೆ ಎಲ್ಲ ತಿಳಿಯಿತು. ಹಿಂದಿನಿಂದ ಒಬ್ಬ ಕೂಗಿದ: “ಮೂರನೇ ನಂಬರಿನವ್ರು ದಡ್ಡರಲೇ, ದೂರ ಸರೀರಿ!” ತರಗತಿ ಘೊಳ್ಳೆಂದು ನಕ್ಕಿತು. ಕೆಂಪು ಗೆರೆಯ ಹುಡುಗಿ ತನ್ನ ಕೈಯಲ್ಲಿದ್ದ ಮೂರನೆಯ ನಂಬರಿನ ಚೀಟಿಯನ್ನು ನೋಡಿದಳು. ನಿಧಾನಕ್ಕೆ ಎರಡು ಮಾಡಿದಳು, ನಾಲ್ಕು ಮಾಡಿದಳು, ಚೂರುಗಳನ್ನು ಜ್ಯಾಮಿಟ್ರಿ ಬಾಕ್ಸಿನೊಳಗೆ ಹಾಕಿ ಮುಚ್ಚಿದಳು. ಧ್ವನಿ ಇದ್ದಿದ್ದರೆ ಆ ಹುಡುಗನನ್ನು ಗದರಿ ಅಲ್ಲಿಗೆ ಮುಗಿಸಿಬಿಡುತ್ತಿದ್ದೆ. ಇಲ್ಲದ್ದರಿಂದ ನಿಂತು ನೋಡಬೇಕಾಯಿತು. ತಪ್ಪು ಅವನದಷ್ಟೇ ಅಲ್ಲ, ನಂಬರ್ ಹಾಕಿದವಳು ನಾನು.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಮೂರನೆಯ ದಿನ ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತದೆ ಅವಳ ಮನೆ ಕೇಳಿಕೊಂಡು ಹೋದೆ. ಕೇಳುವುದೆಂದರೆ ಪಾಟಿ ತೋರಿಸುವುದು. ಎರಡು ಓಣಿ ದಾಟಿದರೆ ಮನೆ. ಕಟ್ಟೆಯ ಮೇಲೆ ಅವಳ ತಾಯಿ ಬಿತ್ತನೆಗೆಂದು ಶೇಂಗಾ ಸುಲಿಯುತ್ತ ಕುಳಿತಿದ್ದರು. ಪಕ್ಕದಲ್ಲಿ ಹುಡುಗಿಯೂ ಸುಲಿಯುತ್ತಿದ್ದಳು. ನನ್ನನ್ನು ಕಂಡು ಎದ್ದು ಒಳಗೆ ಹೋಗಲು ನೋಡಿದಳು. ತಾಯಿ ತಡೆದರು.

“ಬರ್ರಿ ಟೀಚರ್, ಕುಂದರ್ರಿ. ಈಕಿ ಹೊಟ್ಟಿಬ್ಯಾನಿ ಅಂತ ಮನ್ಯಾಗ ಕುಂತಾಳ ನೋಡ್ರಿ. ಏನಾರ ತಪ್ಪು ಮಾಡ್ಯಾಳೇನು?”

ಪಾಟಿಯ ಮೇಲೆ ಬರೆದು ಅವರ ಮುಂದೆ ಹಿಡಿದೆ. ಅವರು ಪಾಟಿ ನೋಡಿ, ನನ್ನ ಮುಖ ನೋಡಿ, ನಾಚಿಕೊಂಡು ನಕ್ಕರು. “ನನಗ ಓದಾಕ ಬರಂಗಿಲ್ರಿ. ಏ, ನೀ ಓದಿ ಹೇಳು, ಟೀಚರ್ ಏನ್ ಬರದಾರ.”

ನಾನು ಬರೆದದ್ದು ಇಷ್ಟೇ: ‘ತಪ್ಪು ನನ್ನದು. ಚೀಟಿಗೆ ನಂಬರ್ ಹಾಕಬಾರದಿತ್ತು.’

ಹುಡುಗಿ ಪಾಟಿಯನ್ನು ಬಹಳ ಹೊತ್ತು ಹಿಡಿದು ನೋಡಿದಳು. ಅವಳು ಏನು ಓದಿದರೂ ತಾಯಿಗೆ ತಿಳಿಯುವಂತಿರಲಿಲ್ಲ, ನನಗೆ ತಿದ್ದಲು ಬಾಯಿಯೂ ಇರಲಿಲ್ಲ. “ಟೀಚರ್‌ಗೆ ಗಂಟಲು ಬ್ಯಾನಿ ಐತಂತ. ಅದಕ್ಕ ಮಾತಾಡಂಗಿಲ್ಲಂತ,” ಎಂದಳು.

“ಅಯ್ಯ ಪಾಪ! ಅಷ್ಟು ಬ್ಯಾನಿ ಇಟ್ಕೊಂಡು ಇಲ್ಲೀತನಕ ಬಂದೀರಿ?” ಎಂದು ತಾಯಿ ಮರುಗಿದರು. “ಮತ್ತ ಈಕಿ ಸಾಲಿಗೆ ಯಾಕ ಒಲ್ಲೆ ಅಂತಾಳ?”

ಮತ್ತೆ ಬರೆದೆ: ‘ಶಾಲೆಗೆ ಬರಲಿ. ನಾನು ಕಾಯುತ್ತೇನೆ.’

ಈ ಸಲ ಹುಡುಗಿ ಪಾಟಿಯ ಕಡೆ ನೋಡಲೇ ಇಲ್ಲ. ತಲೆ ತಗ್ಗಿಸಿಕೊಂಡೇ ಹೇಳಿದಳು: “ನನಗ ಕಳಿಯೂ ಲೆಕ್ಕ ಬರಂಗಿಲ್ಲ ಅಂತ ಟೀಚರ್‌ಗೆ ಗೊತ್ತಾಗೇತಿ.”

ಅದನ್ನು ನಾನು ಬರೆದಿರಲಿಲ್ಲ. ತಾಯಿ ಸುಲಿಯುವುದನ್ನು ನಿಲ್ಲಿಸಿದರು.

“ಒಂಬತ್ತನೇತ್ತಿ ಅದಿ. ಕಳಿಯೂದು ಬರಂಗಿಲ್ಲ?”

“ಮೂರನೇತ್ತಿ ಇದ್ದಾಗ ಹೇಳಿಕೊಟ್ಟಾರವ್ವ. ನಾವು ಆವಾಗ ಮಂಗಳೂರಾಗ ಇದ್ವಿ. ಬರೂದ್ರಾಗ ಮುಗದಿತ್ತು. ಎಲ್ಲಾರ್ಗೂ ಬರತಿತ್ತು, ನಾ ಕೇಳಲಿಲ್ಲ.” ಅಲ್ಲಿಂದ ಅವಳ ಮಾತು ನಿಲ್ಲಲಿಲ್ಲ. ನಾಲ್ಕನೆಯದರಲ್ಲಿ ಯಾರದು ನೋಡಿ ಬರೆದಳು, ಏಳನೆಯದರಲ್ಲಿ ಯಾರ ಪಕ್ಕ ಕೂತಳು, ಅಕ್ಷರ ಚೆಂದ ಇದ್ದರೆ ಟೀಚರು ಲೆಕ್ಕ ನೋಡುವುದಿಲ್ಲ ಎಂಬುದನ್ನು ಯಾವಾಗ ಕಂಡುಕೊಂಡಳು, ಎಲ್ಲವನ್ನೂ ಹೇಳಿದಳು. ಕೊನೆಯದನ್ನು ಕೇಳುವಾಗ ನಾನು ನೆಲ ನೋಡಿದೆ.

ತಾಯಿಯ ಮುಖ ಸಣ್ಣದಾಗಿತ್ತು. ಗಾರೆ ಕೆಲಸಕ್ಕೆಂದು ಆಗ ನಾಲ್ಕು ತಿಂಗಳು ಮಗಳನ್ನೂ ಮಂಗಳೂರಿಗೆ ಕರೆದೊಯ್ದದ್ದು ಅವರೇ. ನಾನು ಅವರ ಮೊಣಕೈ ಮುಟ್ಟಿ, ಏನೂ ಆಗಿಲ್ಲ ಎಂಬಂತೆ ತಲೆ ಆಡಿಸಿದೆ. ಆಮೇಲೆ ಮೊರದಿಂದ ಶೇಂಗಾ ಕಾಳು ತೆಗೆದುಕೊಂಡು ಕಟ್ಟೆಯ ಮೇಲೆ ಹತ್ತು ಹತ್ತರ ಐದು ಗುಂಪು ಮಾಡಿದೆ, ಪಕ್ಕದಲ್ಲಿ ಬಿಡಿ ಎರಡು ಇಟ್ಟೆ. ಪಾಟಿಯ ಮೇಲೆ ಬರೆದೆ: ‘ಏಳು ಕೊಡು.’ ಅವಳು ಬಿಡಿ ಎರಡನ್ನು ನನ್ನ ಅಂಗೈಗೆ ಹಾಕಿ ನನ್ನ ಮುಖ ನೋಡಿದಳು. ನಾನು ಅಂಗೈ ಹಾಗೇ ಹಿಡಿದುಕೊಂಡು ಕುಳಿತೆ. ಮಾತಾಡುವಂತಿದ್ದರೆ ಅಷ್ಟರಲ್ಲಿ ನಾನೇ ಹೇಳಿಬಿಟ್ಟಿರುತ್ತಿದ್ದೆ. ಆ ಕಾಯುವಿಕೆ ನನಗೆ ಬಹಳ ಉದ್ದ ಅನಿಸಿತು. ಕೊನೆಗೆ ಅವಳು ಒಂದು ಗುಂಪನ್ನು ಕೈಯಿಂದ ಕೆದರಿ, ಅದರಿಂದ ಐದು ಎಣಿಸಿ ನನ್ನ ಅಂಗೈಗೆ ಹಾಕಿದಳು. ಕೆದರಿದ ಗುಂಪಿನಲ್ಲಿ ಉಳಿದದ್ದನ್ನು ಎಣಿಸಿದಳು. ಇದು ಚೀಟಿಯ ಲೆಕ್ಕವೇ ಎಂದು ಹೊಳೆದಿರಬೇಕು, ಆಮೇಲೆ ಇಡೀ ಗುಂಪು ಎರಡನ್ನು ನನ್ನ ಕಡೆ ಸರಿಸಿದಳು.

“ಇಪ್ಪತ್ತೈದು ಉಳದಾವ,” ಎಂದಳು. ಆಮೇಲೆ ಜೋರಾಗಿ, “ಇಷ್ಟ ಏನು? ಹತ್ತರ ಮನಿಯಾಂದು ಒಂದು ಒಡಿಯೂದು?”

ತಲೆ ಆಡಿಸಿದೆ. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಗೊತ್ತಾಗಲಿಲ್ಲ. ಆರು ವರ್ಷ ಬಚ್ಚಿಟ್ಟದ್ದು ಶೇಂಗಾ ಸುಲಿಯುವ ಕಟ್ಟೆಯ ಮೇಲೆ ಹತ್ತು ನಿಮಿಷದಲ್ಲಿ ಬಗೆಹರಿದಿತ್ತು. ತಾಯಿ ಆ ಕಾಳುಗಳನ್ನೆಲ್ಲ ಬಾಚಿ ನನ್ನ ಚೀಲಕ್ಕೆ ಹಾಕಿದರು. “ಬಿತ್ತಾಕ ಬ್ಯಾಡ ಬಿಡ್ರಿ ಇವು. ಹುರಕೊಂಡು ತಿನ್ರಿ.”

ಅಂದಿನಿಂದ ಚೀಟಿಗಳಿಗೆ ನಂಬರ್ ಇಲ್ಲ. ಬಣ್ಣವೂ ಇಲ್ಲ. ಒಬ್ಬೊಬ್ಬರಿಗೆ ಒಂದೊಂದು, ಮಡಚಿ, ಹೆಸರು ಬರೆದು ಕೊಡುತ್ತಿದ್ದೆ. ಎಲ್ಲರದ್ದೂ ಬೇರೆ ಬೇರೆಯಾದ ಮೇಲೆ ಯಾರದು ಮೇಲು, ಯಾರದು ಕೆಳಗೆಂದು ಹುಡುಕುವ ಆಟ ಎರಡು ದಿನ ನಡೆದು ಸತ್ತುಹೋಯಿತು. ಮುಗಿಸಿದವರು ಬೂಟಿನ ಡಬ್ಬಿಯೊಂದರಿಂದ ಇನ್ನೊಂದು ತೆಗೆದುಕೊಳ್ಳಬಹುದು, ಸುಲಭದ್ದಾದರೂ ಸರಿ, ಕಠಿಣದ್ದಾದರೂ ಸರಿ. ದಿನಾ ನಲವತ್ತೆಂಟು ಬೇರೆ ಬೇರೆ ಲೆಕ್ಕ ಹುಟ್ಟಿಸುತ್ತಿದ್ದೆನೆಂದು ಯಾರೂ ತಿಳಿಯಬಾರದು. ಒಳಗೊಳಗೆ ಐದಾರು ಬಗೆ ಇದ್ದವು, ಅಂಕಿಗಳನ್ನು ಬದಲಿಸುತ್ತಿದ್ದೆ. ಬರೆದು ಬರೆದು ಬೆರಳು ನೋಯುತ್ತಿದ್ದವು. ಅತ್ತೆ ಪಕ್ಕದಲ್ಲಿ ಕುಳಿತು ಚೀಟಿ ಮಡಚಿ ಕೊಡುತ್ತಿದ್ದರು. ಮಾತಿಲ್ಲದ ಸೊಸೆ ಅವರಿಗೆ ಅಷ್ಟೇನೂ ಬೇಸರ ತಂದಂತೆ ಕಾಣಲಿಲ್ಲ.

ಶ್ರೀರಾಮನಗರದ ಕಡೆಯ ಹುಡುಗನಿಗೆ ವಾಕ್ಯದ ಲೆಕ್ಕ ಕೊಟ್ಟಾಗ ಪಕ್ಕದವನು ಅದನ್ನು ನಿಧಾನಕ್ಕೆ ಎರಡು ಸಲ ಓದಿ ಹೇಳುವುದೆಂದು ಗೊತ್ತು ಮಾಡಿದೆ. ಓದಿ ಮುಗಿಯುವಷ್ಟರಲ್ಲಿ ಅವನ ಉತ್ತರ ಬಂದಿರುತ್ತಿತ್ತು. ಓದಿದವನು “ಹ್ಯಾಂಗ ಬಂತೋ?” ಎಂದು ಅವನನ್ನೇ ಕೇಳುತ್ತಿದ್ದ.

ಎಲ್ಲ ಹೀಗೇ ಸರಾಗ ನಡೆಯಲಿಲ್ಲ. ‘ಮುಂದಿನದು ಕೊಡ್ರಿ’ ಎಂದು ಬರೆದ ಹುಡುಗಿಯನ್ನು ಹಿಂದಿನ ಬೆಂಚಿನವರಿಗೆ ಹೇಳಿಕೊಡಲು ಕೂರಿಸಿದೆ. ನಾಲ್ಕು ದಿನ ಮಾಡಿದಳು. ಐದನೆಯ ದಿನ ನನ್ನ ಮೇಜಿನ ಹತ್ತಿರ ಬಂದು ನಿಂತಳು.

“ಟೀಚರ್, ಸಿಟ್ಟಾಗಬ್ಯಾಡ್ರಿ. ಮನ್ಯಾಗೂ ತಮ್ಮಗ ನಾನ ಹೇಳಿಕೊಡ್ತೀನಿ. ಇಲ್ಲೂ ಅದ ಆದ್ರ ನಾ ಯಾವಾಗ ಕಲೀಲಿ?”

ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ಬೇಗ ಕಲಿಯುವವಳೆಂದು ಅವಳ ಹೊತ್ತನ್ನು ನಾನು ಬಳಸಿಕೊಳ್ಳುತ್ತಿದ್ದೆ. ಮನೆಯಲ್ಲಿದ್ದ ಹಳೆಯ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ತಂದುಕೊಟ್ಟೆ. ಅದರಲ್ಲಿ ಕೆಲವು ಲೆಕ್ಕ ನನಗೇ ಬರಲಿಲ್ಲ. ಪಾಟಿಯ ಮೇಲೆ ‘ನನಗೂ ಬರಲಿಲ್ಲ’ ಎಂದು ಬರೆದು ತೋರಿಸಿದಾಗ ಅವಳ ಕಣ್ಣು ಅರಳಿದ್ದನ್ನು ನೋಡಬೇಕಿತ್ತು.

ಬೋರ್ಡಿನ ಅಕ್ಷರಗಳನ್ನು ಚಿತ್ರದಂತೆ ಬಿಡಿಸುತ್ತಿದ್ದ ಹಿಂದಿನ ಮೂಲೆಯ ಹುಡುಗ ಮಾತ್ರ ಯಾವ ಚೀಟಿಗೂ ಬಗ್ಗಲಿಲ್ಲ. ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದ, ವಾಪಸು ಕೊಡುತ್ತಿರಲಿಲ್ಲ. ಕ್ಷೇತ್ರಫಲದ ಪಾಠದಲ್ಲಿ ಚೌಕಗಳ ಜಾಲ ಬರೆದುಕೊಟ್ಟಾಗ ಸ್ವಲ್ಪ ದಿನ ಕುಳಿತು ಮಾಡಿದ. ಆಮೇಲೆ ಮತ್ತೆ ಜೇಬು. ಅವನಿಗೆ ಏನು ಬೇಕಿತ್ತೆಂಬುದು ನನಗೆ ಇವತ್ತಿಗೂ ಪೂರ್ತಿ ತಿಳಿದಿಲ್ಲ.

ಎರಡನೆಯ ವಾರದ ಕೊನೆಗೆ ಹೆಡ್‌ಮಾಸ್ತರರು ಬಾಗಿಲಲ್ಲಿ ಬಂದು ನಿಂತರು. ಮಕ್ಕಳು ತಲೆ ಎತ್ತಲಿಲ್ಲ. ಇಬ್ಬರು ನೆಲದ ಮೇಲೆ, ನಾಲ್ವರು ಕಿಟಕಿಯ ಹತ್ತಿರ, ಉಳಿದವರು ಬೆಂಚಿನಲ್ಲಿ. ಸಣ್ಣ ದನಿಯಲ್ಲಿ ಮಾತು ನಡೆದಿತ್ತು, ಎಲ್ಲ ಲೆಕ್ಕದ್ದೇ.

“ಪರೀಕ್ಷಿ ನಡದೈತೇನ್ರಿ?” ಎಂದರು ಮೆಲ್ಲಗೆ.

ಇಲ್ಲ ಎಂದು ತಲೆ ಆಡಿಸಿದೆ. ಅವರು ಒಳಗೆ ಬಂದು ಒಬ್ಬನ ಹೆಗಲ ಮೇಲಿಂದ ಬಗ್ಗಿ ನೋಡಿದರು, ಇನ್ನೊಬ್ಬಳದನ್ನು ನೋಡಿದರು. “ಛಲೋ ಐತ್ರಿ,” ಎಂದರು. ಬಾಗಿಲ ತನಕ ಹೋಗಿ ತಿರುಗಿದರು. “ಆದ್ರ ಮೇಡಂ, ಸಿಲೆಬಸ್?”

ಅವರ ಪ್ರಶ್ನೆ ಸರಿಯಾದದ್ದೇ. ಆ ವರ್ಷ ಎರಡು ಪಾಠ ಹಿಂದೆ ಬಿದ್ದೆ. ಮಾರ್ಚಿನಲ್ಲಿ ಬೆಳಗಿನ ಹೊತ್ತು ಹೆಚ್ಚಿನ ತರಗತಿ ತೆಗೆದುಕೊಂಡು ಒಂದನ್ನು ಮುಗಿಸಿದೆ, ಇನ್ನೊಂದು ಅರ್ಧವೇ ಉಳಿಯಿತು. ಆದರೆ ವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆ ತಿದ್ದಲು ಕುಳಿತಾಗ ಖಾಲಿ ಹಾಳೆಗಳು ಹಿಂದಿನ ವರ್ಷಗಳಿಗಿಂತ ಕಡಿಮೆ ಇದ್ದವು. ಕೆಂಪು ಗೆರೆಯ ಹುಡುಗಿ ಪಾಸಾಗುವಷ್ಟು ಮಾಡಿದ್ದಳು, ಹೆಚ್ಚೇನಲ್ಲ. ಎಲ್ಲ ಅವಳದ್ದೇ. ಅಲ್ಲಲ್ಲಿ ಗೀಚಿ, ಹೊಡೆದುಹಾಕಿ, ಮತ್ತೆ ಮಾಡಿದ್ದಳು. ಆ ಗೀಚನ್ನು ನೋಡಿ ನನಗಾದ ಸಮಾಧಾನ ನೂರಕ್ಕೆ ನೂರು ಬಂದವರ ಪತ್ರಿಕೆ ನೋಡಿದಾಗಲೂ ಆಗಿರಲಿಲ್ಲ.

ಅದಕ್ಕೂ ಮೊದಲು, ಮೂರು ವಾರ ಮುಗಿದ ದಿನ, ಮತ್ತೆ ಕೊಪ್ಪಳಕ್ಕೆ ಹೋಗಿದ್ದೆ. ಡಾಕ್ಟರು ಕ್ಯಾಮೆರಾ ಇಳಿಸಿ ಪರದೆ ತಿರುಗಿಸಿದರು, ಈ ಸಲ ನಾನು ಕಣ್ಣು ಮುಚ್ಚಲಿಲ್ಲ. “ಒಂದು ಪೂರಾ ಹೋಗೇತಿ. ಇನ್ನೊಂದು ಅಕ್ಕಿಕಾಳಿನಷ್ಟು ಉಳದೈತಿ. ಆಪರೇಷನ್ ಬ್ಯಾಡ. ಈಗ ಆ ಅನ್ರಿ.”

“ಆ,” ಎಂದೆ. ಸಣ್ಣ ಸದ್ದು ಬಂತು, ಹೊಸದಾಗಿ ಕೊಂಡ ಚಪ್ಪಲಿಯಂತೆ ಇನ್ನೂ ನನ್ನದಾಗಿರಲಿಲ್ಲ. ನಮ್ಮನೆಯವರು ಪಕ್ಕದಲ್ಲಿ ನಿಂತು ಸುಮ್ಮನೆ ಗೋಡೆ ನೋಡುತ್ತಿದ್ದರು. ಅವರು ಕಣ್ಣೊರೆಸಿಕೊಳ್ಳುವುದನ್ನು ನಾನು ನೋಡಲಿಲ್ಲ ಎಂದು ಅವರು ಇವತ್ತಿಗೂ ಅಂದುಕೊಂಡಿದ್ದಾರೆ.

“ಇನ್ನ ಕೂಗಂಗಿಲ್ಲ ಮತ್ತ. ಹತ್ತು ನಿಮಿಷ ಮಾತಾಡಿದ್ರ ಇಪ್ಪತ್ತು ನಿಮಿಷ ಸುಮ್ನಿರ್ರಿ,” ಎಂದರು ಡಾಕ್ಟರು. “ಟೀಚರ್ ಕೆಲಸದಾಗ ಅದು ಆಗಂಗಿಲ್ಲ ಅಂತೀರಿ, ಎಲ್ಲಾರೂ ಅಂತಾರ.”

“ಆಗ್ತದ್ರಿ,” ಎಂದೆ. ಮೂರು ವಾರದಲ್ಲಿ ನಾನು ಆಡಿದ ಮೊದಲ ಮಾತು ಅದು.

ಸೋಮವಾರ ತರಗತಿಗೆ ಹೋಗಿ, ಎಲ್ಲರೂ ನನ್ನ ಧ್ವನಿ ಕೇಳಲು ಕಾದಿರುತ್ತಾರೆಂದುಕೊಂಡು, ಬೋರ್ಡಿನ ಮುಂದೆ ನಿಂತು “ಮಕ್ಕಳೇ,” ಎಂದೆ. ಕೆಲವರು ತಲೆ ಎತ್ತಿ ನಕ್ಕರು. ಒಬ್ಬ ಹುಡುಗ ಎದ್ದು ನಿಂತು, “ಟೀಚರ್, ಛಲೋ ಆತ್ರಿ ಆರಾಮ ಆಗಿದ್ದು. ನನ್ನ ಚೀಟಿ ಕೊಡ್ರಿ,” ಎಂದ. ನಾನು ಅವನಿಗೆ ಚೀಟಿ ಕೊಟ್ಟೆ. ಉಳಿದವರಿಗೂ ಹಂಚಿದೆ. ಹತ್ತು ನಿಮಿಷಕ್ಕೆಂದು ಸಿದ್ಧ ಮಾಡಿಕೊಂಡು ಬಂದ ಮಾತುಗಳು ಹಾಗೇ ಉಳಿದವು.

ಈ ಜೂನಿನಲ್ಲಿ ಹೊಸದಾಗಿ ಎಂಟನೆಯ ತರಗತಿಗೆ ಬಂದವರಿಗೂ ಮೊದಲ ವಾರವೇ ಆರು ಲೆಕ್ಕದ ಚೀಟಿ ಕೊಟ್ಟೆ. ಕನಕಗಿರಿಯ ಕಡೆಯಿಂದ ಬಂದು ಅಜ್ಜಿಯ ಮನೆಯಲ್ಲಿರುವ ಪುಟ್ಟ ಹುಡುಗಿಯೊಬ್ಬಳು ಕೈ ಎತ್ತಿದಳು.

“ಬರಲಿಲ್ಲಂದ್ರ ಬೈತೀರೇನ್ರಿ?”

“ಇಲ್ಲ. ಎಲ್ಲಿ ನಿಂತಿ ಅಂತ ಗೊತ್ತಾದ್ರ ಅಲ್ಲಿಂದ ಕರಕೊಂಡು ಹೋಗ್ತೀನಿ, ಅಷ್ಟ.”

ಅವಳು ನನ್ನ ಮುಖವನ್ನು ಒಂದು ಗಳಿಗೆ ಪರೀಕ್ಷೆ ಮಾಡಿ ಬರೆಯತೊಡಗಿದಳು. ಹೊರಗೆ ಲಾರಿಯೊಂದು ಹೋಯಿತು, ಅದರ ಮೇಲೆ ಕೂಗುವ ಅಗತ್ಯ ನನಗಿರಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತೆ, ನೀರು ಕುಡಿದೆ, ಅವರು ಮುಗಿಸುವ ತನಕ ಕಾದೆ.